ಫ್ಯಾಂಟಸಿ ಕ್ರಿಕೆಟ್‌ನಲ್ಲಿ ಸ್ಟ್ರೈಕ್ ರೇಟ್, ಎಕಾನಮಿ ಬಳಸುವುದು ಹೇಗೆ? ಲೆಕ್ಕ ಹಾಕಿ ತಂಡ ಕಟ್ಟುವವರಿಗೆ ಸಮಗ್ರ ಮಾರ್ಗದರ್ಶಿ

ಫ್ಯಾಂಟಸಿ ಕ್ರಿಕೆಟ್ ಎಂದರೆ ನಿಜವಾದ ಆಟಗಾರರನ್ನು ಆರಿಸಿ ತಂಡ ಕಟ್ಟಿ, ಪಂದ್ಯದಲ್ಲಿ ಅವರು ಆಡಿದ್ದಕ್ಕೆ ತಕ್ಕಂತೆ ಅಂಕ ಗಳಿಸುವ ಆಟ. ಐಪಿಎಲ್ 2025ರಲ್ಲಿ ಆರ್‌ಸಿಬಿಯ ಟಿಮ್ ಡೇವಿಡ್ ಅವರ ಸ್ಟ್ರೈಕ್ ರೇಟ್, ಅಂದರೆ ನೂರು ಎಸೆತಕ್ಕೆ ಬಂದ ರನ್, 185. ಅದೇ ತಂಡದ ವಿರಾಟ್ ಕೊಹ್ಲಿ ಅವರದು 144.71. ಎಸೆತಕ್ಕೆ ಹೆಚ್ಚು ರನ್ ತಂದವರು ಯಾರು ಎಂದರೆ ಯೋಚಿಸುವುದೇ ಬೇಡ, ಡೇವಿಡ್. ಆದರೆ ಈ ಅಂಕಿ ನೋಡಿ ಸೀಸನ್ ಪೂರ್ತಿ ಡೇವಿಡ್ ಅವರನ್ನು ಇಟ್ಟುಕೊಂಡು ಕೊಹ್ಲಿಯನ್ನು ಬಿಟ್ಟಿದ್ದರೆ ನಿಮ್ಮ ಫ್ಯಾಂಟಸಿ ತಂಡ ಪಟ್ಟಿಯ ತಳದಲ್ಲಿರುತ್ತಿತ್ತು. ಕೊಹ್ಲಿ 15 ಪಂದ್ಯಗಳಲ್ಲಿ 454 ಎಸೆತ ಎದುರಿಸಿ 657 ರನ್ ಹೊಡೆದರು. ಡೇವಿಡ್‌ಗೆ 12 ಪಂದ್ಯಗಳಲ್ಲಿ ಸಿಕ್ಕಿದ್ದೇ 101 ಎಸೆತ, ಬಂದದ್ದು 187 ರನ್. ಪಂದ್ಯಕ್ಕೆ ಒಬ್ಬರದು ಸುಮಾರು 44 ರನ್, ಇನ್ನೊಬ್ಬರದು 16ಕ್ಕೂ ಕಮ್ಮಿ.

ಹಾಗಂತ ಸ್ಟ್ರೈಕ್ ರೇಟ್ ನೋಡುವುದೇ ವ್ಯರ್ಥವೇ? ಅಲ್ಲ. 2025ರ ಏಪ್ರಿಲ್ 18ರಂದು ಚಿನ್ನಸ್ವಾಮಿಯಲ್ಲಿ ಮಳೆಯಿಂದ 14 ಓವರ್‌ಗೆ ಇಳಿದ ಪಂಜಾಬ್ ವಿರುದ್ಧದ ಪಂದ್ಯ ನೆನಪಿಸಿಕೊಳ್ಳಿ. ಮೇಲಿನವರು ಸಾಲಾಗಿ ಔಟಾದರು, ಡೇವಿಡ್‌ಗೆ ಆಡಲು ಎಸೆತ ಸಿಕ್ಕವು. 26 ಎಸೆತದಲ್ಲಿ ಅಜೇಯ 50. ತಂಡದ ಮೊತ್ತ 9 ವಿಕೆಟ್‌ಗೆ 95, ಅದರಲ್ಲಿ ಅರ್ಧಕ್ಕೂ ಹೆಚ್ಚು ಅವರದೇ. ಸೋತ ತಂಡದಲ್ಲಿದ್ದೂ ಪಂದ್ಯಶ್ರೇಷ್ಠರಾದರು.

ಈ ಎರಡು ಸಂಗತಿ ಸೇರಿದರೆ ನಮ್ಮ ಇಡೀ ಸೂತ್ರ ಬಂತು. ಫ್ಯಾಂಟಸಿ ಅಂಕ ಎಂದರೆ ಅವಕಾಶವನ್ನು ದಕ್ಷತೆಯಿಂದ ಗುಣಿಸಿದ ಮೊತ್ತ. ಎಷ್ಟು ಎಸೆತ ಸಿಗುತ್ತದೆ, ಸಿಕ್ಕ ಪ್ರತಿ ಎಸೆತದಲ್ಲಿ ಎಷ್ಟು ಮಾಡುತ್ತಾನೆ. ಇವೆರಡನ್ನೂ ಬೇರೆಬೇರೆಯಾಗಿ ಅಂದಾಜು ಮಾಡಿ, ಕೊನೆಗೆ ಗುಣಿಸಬೇಕು. ಹೆಚ್ಚಿನವರು ಒಂದನ್ನು ನೋಡಿ ಇನ್ನೊಂದನ್ನು ಮರೆಯುತ್ತಾರೆ.

ಬ್ಯಾಸ್ಕೆಟ್‌ಬಾಲ್ ಫ್ಯಾಂಟಸಿ ಆಡುವವರಿಗೆ ಇದು ಹಳೆಯ ಪಾಠ. ಜಾನ್ ಹಾಲಿಂಜರ್ ರೂಪಿಸಿದ ಪಿಇಆರ್ ಎಂಬ ಅಂಕಿ ಅಲ್ಲಿ ಬಹಳ ಪ್ರಸಿದ್ಧ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಸರಾಸರಿ ಪ್ರತಿ ಸೀಸನ್‌ನಲ್ಲೂ 15 ಬರುವ ಹಾಗೆ ಅದನ್ನು ಹೊಂದಿಸಿರುತ್ತಾರೆ. ಆಟಗಾರ ಒಂದೊಂದು ನಿಮಿಷಕ್ಕೆ ಎಷ್ಟು ಕೊಡುತ್ತಾನೆ ಎಂದು ಅದು ಹೇಳುತ್ತದೆ. ಹಾಗಾಗಿ ಬೆಂಚಿನಿಂದ ಬಂದು ಹತ್ತೇ ನಿಮಿಷ ಆಡಿ ಹೋಗುವವನೂ ಅದರಲ್ಲಿ ದೊಡ್ಡ ಆಟಗಾರನಂತೆ ಕಾಣಬಹುದು. ಅಲ್ಲಿನ ನಿಮಿಷ ನಮಗೆ ಎಸೆತ, ಅಷ್ಟೇ ವ್ಯತ್ಯಾಸ.

ಮುಂದೆ ಹೋಗುವ ಮೊದಲು ಹಣದ ವಿಷಯ ಒಂದು ಮಾತಿನಲ್ಲಿ ಮುಗಿಸಿಬಿಡೋಣ. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆಯನ್ನು ಅಂಗೀಕರಿಸಿದ ಬಳಿಕ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳಿಗೆ ದೇಶದಲ್ಲಿ ನಿಷೇಧವಿದೆ. ಡ್ರೀಮ್ 11 ಕೂಡ ಹಣದ ಸ್ಪರ್ಧೆಗಳನ್ನು ನಿಲ್ಲಿಸಿತು. ಇಲ್ಲಿ ಹೇಳುವುದೆಲ್ಲ ಉಚಿತ ಲೀಗ್‌ಗಳಿಗೆ, ಆಫೀಸಿನ ಅಥವಾ ಕಾಲೇಜು ಗೆಳೆಯರ ಲೀಗ್‌ಗೆ. ಗೆದ್ದವರಿಗೆ ಸಿಗುವುದು ವಾಟ್ಸಾಪ್ ಗುಂಪಿನಲ್ಲಿ ಒಂದು ವಾರ ಮೆರೆಯುವ ಹಕ್ಕು. ಅದೇನು ಕಮ್ಮಿಯದಲ್ಲ.

ಹಂತ 1: ಮೊದಲು ಅಂಕದ ಪಟ್ಟಿ ಓದಿ

ಆಟಗಾರರ ಅಂಕಿಅಂಶ ತೆರೆಯುವುದಕ್ಕೂ ಮೊದಲು ನಿಮ್ಮ ಲೀಗ್‌ನಲ್ಲಿ ಯಾವುದಕ್ಕೆ ಎಷ್ಟು ಅಂಕ ಎಂದು ಪೂರ್ತಿ ಓದಿ. ಒಂದೊಂದು ಲೀಗ್‌ನದು ಒಂದೊಂದು ನಿಯಮ, ಅದೂ ಸೀಸನ್‌ನಿಂದ ಸೀಸನ್‌ಗೆ ಬದಲಾಗುತ್ತದೆ. ಈ ಬರಹದ ಲೆಕ್ಕಕ್ಕೆ ಹೀಗೊಂದು ಪಟ್ಟಿ ಇಟ್ಟುಕೊಳ್ಳೋಣ:

ರನ್‌ಗೆ 1. ಫೋರ್ ಹೊಡೆದರೆ ಅದರ ಮೇಲೆ ಇನ್ನೊಂದು, ಸಿಕ್ಸ್‌ಗೆ ಇನ್ನೆರಡು. ವಿಕೆಟ್‌ಗೆ 25. ಕ್ಯಾಚ್‌ಗೆ 8. ಕನಿಷ್ಠ 10 ಎಸೆತ ಆಡಿದವರಿಗೆ ಸ್ಟ್ರೈಕ್ ರೇಟ್ ಬೋನಸ್: 130 ದಾಟಿದರೆ 2, 150 ದಾಟಿದರೆ 4, 170 ದಾಟಿದರೆ 6. ಕನಿಷ್ಠ 2 ಓವರ್ ಹಾಕಿದವರಿಗೆ ಎಕಾನಮಿ (ಓವರ್‌ಗೆ ಕೊಟ್ಟ ರನ್) ಬೋನಸ್: 7ಕ್ಕಿಂತ ಕಮ್ಮಿಯಿದ್ದರೆ 2, 6ಕ್ಕಿಂತ ಕಮ್ಮಿಯಿದ್ದರೆ 4, 5ಕ್ಕಿಂತ ಕಮ್ಮಿಯಿದ್ದರೆ 6. ಎಕಾನಮಿ 10 ದಾಟಿದರೆ 2 ಅಂಕ ಕಡಿತ, 11 ದಾಟಿದರೆ 4, 12 ದಾಟಿದರೆ 6. ಕ್ಯಾಪ್ಟನ್‌ಗೆ ಎರಡರಷ್ಟು, ವೈಸ್ ಕ್ಯಾಪ್ಟನ್‌ಗೆ ಒಂದೂವರೆಯಷ್ಟು.

ಪಟ್ಟಿ ಓದುವುದು ಯಾಕೆ ಮುಖ್ಯ ಎನ್ನುವುದಕ್ಕೆ ನಮ್ಮ ಕೆ.ಎಲ್. ರಾಹುಲ್ ಅವರ ಎರಡು ಸೀಸನ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. 2018ರಲ್ಲಿ ಪಂಜಾಬ್ ಪರ 14 ಪಂದ್ಯ, 659 ರನ್, ಸ್ಟ್ರೈಕ್ ರೇಟ್ 158.41. 2020ರಲ್ಲಿ ಅದೇ ತಂಡ, ಅಷ್ಟೇ ಪಂದ್ಯ, 670 ರನ್, ಸ್ಟ್ರೈಕ್ ರೇಟ್ 129.34. ಹನ್ನೊಂದು ರನ್ ಜಾಸ್ತಿ, ಆದರೆ ಅದಕ್ಕೆ ಬಳಸಿದ ಎಸೆತ 416ರಿಂದ 518ಕ್ಕೆ ಏರಿತು. ಅಂದರೆ 102 ಎಸೆತ ಹೆಚ್ಚು, 17 ಓವರ್! ಟಿ20ಯಲ್ಲಿ ತಂಡಕ್ಕೆ ಇದು ದುಬಾರಿ. ಕ್ರಿಕೆಟ್ ಬಲ್ಲವರು 2018ರ ರಾಹುಲ್ ಅವರನ್ನೇ ಮೆಚ್ಚುತ್ತಾರೆ, ನಾನೂ ಅಷ್ಟೇ.

ಈಗ ನಮ್ಮ ಅಂಕದ ಪಟ್ಟಿ ಇಟ್ಟು ನೋಡಿ. 2018ರಲ್ಲಿ 66 ಫೋರ್, 32 ಸಿಕ್ಸ್. ರನ್, ಬೌಂಡರಿ ಸೇರಿ 789 ಅಂಕ. 2020ರಲ್ಲಿ 58 ಫೋರ್, 23 ಸಿಕ್ಸ್. 774 ಅಂಕ. ಪಂದ್ಯಕ್ಕೆ ಹೆಚ್ಚುಕಮ್ಮಿ ಒಂದೇ ಅಂಕದ ವ್ಯತ್ಯಾಸ. ಸ್ಟ್ರೈಕ್ ರೇಟ್ ಬೋನಸ್ ಸೇರಿಸಿದರೆ ಅಂತರ ಸ್ವಲ್ಪ ಹಿಗ್ಗುತ್ತದೆ, ಅಷ್ಟೇ. ಕ್ರಿಕೆಟ್ ಕಣ್ಣಿಗೆ ಅಜಗಜಾಂತರ ಇರುವ ಎರಡು ಸೀಸನ್‌ಗಳು ಫ್ಯಾಂಟಸಿ ಪಟ್ಟಿಗೆ ಹೆಚ್ಚುಕಮ್ಮಿ ಒಂದೇ. ನಿಮ್ಮ ಲೀಗ್‌ನಲ್ಲಿ ಬೌಂಡರಿ ಬೋನಸ್ ದೊಡ್ಡದಾಗಿದ್ದರೆ ಈ ಚಿತ್ರ ಪೂರ್ತಿ ಬದಲಾಗುತ್ತದೆ. ಆದ್ದರಿಂದ ಯಾವ ಅಂಕಿ ಎಷ್ಟು ಮುಖ್ಯ ಎಂದು ಹೇಳಬೇಕಾದ್ದು ನಿಮ್ಮ ಪಟ್ಟಿ. ಟೀವಿ ಕಾಮೆಂಟರಿಯನ್ನು ನಂಬಿಕೊಂಡು ತಂಡ ಕಟ್ಟಬೇಡಿ.

ಹಂತ 2: ಅವಕಾಶದ ಕಾಲಂ ತುಂಬಿಸಿ

ಎಕ್ಸೆಲ್ ಆಗಲಿ ಗೂಗಲ್ ಶೀಟ್ ಆಗಲಿ, ಒಂದು ಹಾಳೆ ತೆರೆಯಿರಿ. ಸಾಲಿಗೊಬ್ಬ ಆಟಗಾರ. ಹೆಸರು, ತಂಡ, ಪಾತ್ರ ಬರೆದ ಮೇಲೆ ಬರಬೇಕಾದ ಮೊದಲ ಅಂಕಿ ಎಂದರೆ ಪಂದ್ಯವೊಂದಕ್ಕೆ ಸರಾಸರಿ ಎಷ್ಟು ಎಸೆತ ಆಡುತ್ತಾನೆ, ಎಷ್ಟು ಎಸೆತ ಹಾಕುತ್ತಾನೆ ಎಂಬುದು.

ಇಲ್ಲೊಂದು ಸಣ್ಣ ಎಚ್ಚರಿಕೆ. ಬ್ಯಾಟಿಂಗ್‌ನಲ್ಲಿ ಇನಿಂಗ್ಸ್‌ನಿಂದ ಭಾಗಿಸಬೇಡಿ, ಪಂದ್ಯದಿಂದ ಭಾಗಿಸಿ. ಡೇವಿಡ್ 2025ರಲ್ಲಿ 12 ಪಂದ್ಯ ಆಡಿದರೂ ಬ್ಯಾಟ್ ಹಿಡಿದದ್ದು 9ರಲ್ಲಿ. ಉಳಿದ ಮೂರರಲ್ಲಿ ಅವರನ್ನು ಆರಿಸಿಕೊಂಡವರಿಗೆ ಬ್ಯಾಟಿಂಗ್‌ನಿಂದ ಸಿಕ್ಕಿದ್ದು ಸೊನ್ನೆ. ಆ ಸೊನ್ನೆಗಳು ಲೆಕ್ಕದಲ್ಲಿ ಇರಲೇಬೇಕು. ಅವರ ಬ್ಯಾಟಿಂಗ್ ಸರಾಸರಿ ಆ ಸೀಸನ್ 62.33 ಎಂದು ಕಾಣುತ್ತದೆ, ಕಾರಣ ಒಂಬತ್ತರಲ್ಲಿ ಆರು ಸಲ ಔಟಾಗಲೇ ಇಲ್ಲ. ಕೆಳಗಿನ ಕ್ರಮಾಂಕದವರ ವಿಷಯದಲ್ಲಿ ಬ್ಯಾಟಿಂಗ್ ಸರಾಸರಿಯಷ್ಟು ದಾರಿ ತಪ್ಪಿಸುವ ಅಂಕಿ ಇನ್ನೊಂದಿಲ್ಲ. ಅದನ್ನು ನಿಮ್ಮ ಶೀಟ್‌ನಿಂದ ತೆಗೆದುಹಾಕಿ.

ಕಳೆದ ಸೀಸನ್‌ನ ಎಸೆತದ ಲೆಕ್ಕ ಶುರುವಿಗೆ ಸಾಕು. ಆದರೆ ಈ ಸೀಸನ್‌ನಲ್ಲಿ ಎಷ್ಟನೇ ಕ್ರಮಾಂಕ ಎಂಬುದು ಅದಕ್ಕಿಂತ ಮುಖ್ಯ. ಓಪನರ್‌ಗೆ ತಂಡದ ಮುಂದೆ 120 ಎಸೆತವೂ ಬಾಕಿ ಇರುತ್ತವೆ. ಆರನೆಯವನಿಗೆ ಎಷ್ಟೋ ಸಲ 20 ಸಿಕ್ಕರೆ ಪುಣ್ಯ. ರಾಹುಲ್ 2025ರಲ್ಲಿ ಡೆಲ್ಲಿ ಪರ ಕೆಲವು ಪಂದ್ಯ ನಾಲ್ಕರಲ್ಲಿ, ಕೆಲವು ಪಂದ್ಯ ಓಪನರ್ ಆಗಿ ಆಡಿದರು. ಅಂಥವರಿಗೆ ಶೀಟ್‌ನಲ್ಲಿ ಎರಡು ಸಾಲು ಮಾಡಿ, ಅವರು ಯಾವ ಕ್ರಮಾಂಕದಲ್ಲಿ ಬರುತ್ತಾರೆಂದು ಗೊತ್ತಾದ ದಿನ ಆ ಸಾಲು ಬಳಸಿ.

ಬೌಲರ್‌ಗಳ ವಿಷಯ ಸುಲಭ. ತಂಡದ ಮುಖ್ಯ ಬೌಲರ್‌ಗೆ 24 ಎಸೆತ ಹೆಚ್ಚುಕಮ್ಮಿ ಖಚಿತ. ಆರನೇ ಬೌಲರ್‌ಗೆ ಒಂದು ಓವರ್ ಸಿಗಬಹುದು, ಸಿಗದಿರಬಹುದು. ಪ್ರತಿ ಪಂದ್ಯದಲ್ಲೂ ಮೂರು ಓವರ್ ಸಿಗದ ಆಲ್‌ರೌಂಡರ್‌ನನ್ನು ಆಲ್‌ರೌಂಡರ್ ಎಂದು ಲೆಕ್ಕಕ್ಕೆ ಹಿಡಿಯಬೇಡಿ, ಪಟ್ಟಿಯಲ್ಲಿ ಹಾಗೆ ಬರೆದಿದ್ದರೂ ಸರಿ.

ಹಂತ 3: ಬ್ಯಾಟಿಂಗ್ ದಕ್ಷತೆಯನ್ನು ಒಡೆದು ನೋಡಿ

ಸ್ಟ್ರೈಕ್ ರೇಟ್ ಒಂದೇ ಅಂಕಿಯಾಗಿ ಕಂಡರೂ ಅದರೊಳಗೆ ಬೇರೆಬೇರೆ ಆಟಗಳಿರುತ್ತವೆ. ಎಷ್ಟು ಎಸೆತಕ್ಕೊಂದು ಬೌಂಡರಿ ಎಂದು ಪಕ್ಕದ ಕಾಲಂನಲ್ಲಿ ಬರೆಯಿರಿ. ರಾಹುಲ್ 2018ರಲ್ಲಿ 4.2 ಎಸೆತಕ್ಕೊಂದು ಬೌಂಡರಿ ಹೊಡೆದರು, 2020ರಲ್ಲಿ 6.4 ಎಸೆತಕ್ಕೊಂದು. ಓಡಿ ತೆಗೆದ ಒಂಟಿ ರನ್‌ಗೆ ನಿಮಗೆ ಬರುವುದು ಒಂದು ಅಂಕ, ಸಿಕ್ಸ್‌ಗೆ ಎಂಟು. ಒಂದೇ ಸ್ಟ್ರೈಕ್ ರೇಟ್ ಇರುವ ಇಬ್ಬರಲ್ಲಿ ಬೌಂಡರಿ ಹೆಚ್ಚು ಹೊಡೆಯುವವನು, ಡಾಟ್ ಬಾಲ್ (ರನ್ ಬಾರದ ಎಸೆತ) ಜಾಸ್ತಿ ಆಡಿದರೂ, ಫ್ಯಾಂಟಸಿಗೆ ಹೆಚ್ಚು ಲಾಭ.

ಬ್ಯಾಟರ್ ಒಬ್ಬನ ಪಂದ್ಯದ ಅಂದಾಜು ಹೀಗೆ: ಪಂದ್ಯಕ್ಕೆ ಆಡುವ ಎಸೆತ, ಗುಣಿಸು ಎಸೆತಕ್ಕೆ ರನ್, ಅದಕ್ಕೆ ಬೌಂಡರಿಗಳ ಹೆಚ್ಚುವರಿ ಅಂಕ ಕೂಡಿಸಿ. ಕೊಹ್ಲಿ 2025ರಲ್ಲಿ ಪಂದ್ಯಕ್ಕೆ 30 ಎಸೆತ, ಎಸೆತಕ್ಕೆ 1.45 ರನ್. ರನ್‌ನಿಂದಲೇ 44 ಅಂಕ ಬಂತು. ಡೇವಿಡ್ ಈ ಮಟ್ಟ ಮುಟ್ಟಬೇಕಾದರೆ ಪಂದ್ಯಕ್ಕೆ 24 ಎಸೆತ ಆಡಬೇಕು. ಆಡಿದ್ದು 8.4.

ಸ್ಟ್ರೈಕ್ ರೇಟ್ ಬೋನಸ್ ಬಗ್ಗೆ ಅತಿಯಾಗಿ ತಲೆ ಕೆಡಿಸಿಕೊಳ್ಳಬೇಡಿ. ಅದು ಹೆಚ್ಚೆಂದರೆ 6 ಅಂಕ, ಒಂದು ಕ್ಯಾಚ್‌ಗಿಂತ ಕಮ್ಮಿ. ಬೋನಸ್‌ಗಾಗಿ ಆಟಗಾರನನ್ನು ಆರಿಸುವುದಲ್ಲ, ಇಬ್ಬರು ಸಮ ಬಂದಾಗ ಮಾತ್ರ ಅದನ್ನು ನೋಡುವುದು.

ಹಂತ 4: ಬೌಲಿಂಗ್‌ನಲ್ಲಿ ಎರಡು ಅಂಕಿ, ಬೇರೆಬೇರೆ ಕೆಲಸ

ಎಕಾನಮಿ ಎಂದರೆ ಓವರ್‌ಗೆ ಕೊಟ್ಟ ರನ್, ಬೌಲಿಂಗ್ ಸ್ಟ್ರೈಕ್ ರೇಟ್ ಎಂದರೆ ಎಷ್ಟು ಎಸೆತಕ್ಕೊಂದು ವಿಕೆಟ್. ನಿಜವಾದ ಕ್ರಿಕೆಟ್‌ನಲ್ಲಿ ಎರಡೂ ಬೇಕು. ಫ್ಯಾಂಟಸಿಯಲ್ಲಿ ವಿಕೆಟ್‌ಗೆ 25, ಚೊಕ್ಕ ಎಕಾನಮಿಗೆ ಹೆಚ್ಚೆಂದರೆ 6. ಪಟ್ಟಿಯೇ ವಿಕೆಟ್ ಕಡೆ ವಾಲಿದೆ.

ಸೀಸನ್‌ನಲ್ಲಿ ಅತಿ ಹೆಚ್ಚು ವಿಕೆಟ್ ತೆಗೆದವರಿಗೆ ಸಿಗುವ ಪರ್ಪಲ್ ಕ್ಯಾಪ್ 2024ರಲ್ಲಿ ಹರ್ಷಲ್ ಪಟೇಲ್ ಅವರದು. ಪಂಜಾಬ್ ಪರ 14 ಪಂದ್ಯ, 49 ಓವರ್, 24 ವಿಕೆಟ್, ಎಕಾನಮಿ 9.73. ಅದೇ ಸೀಸನ್ ಜಸ್‌ಪ್ರೀತ್ ಬುಮ್ರಾ ಮುಂಬೈ ಪರ 13 ಪಂದ್ಯ, 51.5 ಓವರ್, 20 ವಿಕೆಟ್, ಎಕಾನಮಿ 6.48. ಓವರ್‌ಗೆ ಮೂರು ರನ್‌ಗಿಂತ ಹೆಚ್ಚಿನ ವ್ಯತ್ಯಾಸ! ಆದರೂ ವಿಕೆಟ್ ಅಂಕ ಲೆಕ್ಕ ಹಾಕಿದರೆ ಹರ್ಷಲ್‌ಗೆ ಪಂದ್ಯಕ್ಕೆ 42.9, ಬುಮ್ರಾಗೆ 38.5. ಎಕಾನಮಿ ಬೋನಸ್ ಅಂದಾಜು ಎರಡು ಅಂಕ ಸೇರಿಸಿದರೂ ಬುಮ್ರಾ ಹಿಂದೆ.

ಹಾಗಾದರೆ ಮುಂದಿನ ಸೀಸನ್‌ಗೆ ಹರ್ಷಲ್ ಅವರನ್ನೇ ಮೊದಲು ಆರಿಸಬೇಕಿತ್ತೇ? ಇಲ್ಲಿಗೆ ನಿಂತರೆ ಹೌದು. ಈ ಇಡೀ ಮಾರ್ಗದರ್ಶಿಯಲ್ಲಿ ಅತಿ ಮುಖ್ಯವಾದ ಹಂತ ಇನ್ನೂ ಬಾಕಿ ಇದೆ.

ಹಂತ 5: ಕಮ್ಮಿ ಎಸೆತದ ಅಂಕಿಯನ್ನು ನಂಬದಿರುವ ಲೆಕ್ಕ

ಜೇಕ್ ಫ್ರೇಸರ್-ಮೆಕ್‌ಗರ್ಕ್ 2024ರಲ್ಲಿ ಡೆಲ್ಲಿ ಪರ ಬಂದಾಗ ಎಲ್ಲರ ಬಾಯಲ್ಲೂ ಅವರ ಹೆಸರೇ. 9 ಇನಿಂಗ್ಸ್, 141 ಎಸೆತ, 330 ರನ್, ಸ್ಟ್ರೈಕ್ ರೇಟ್ 234.04. 2025ಕ್ಕೆ ಮುಂಚೆ ನಡೆದ ಗೆಳೆಯರ ಹರಾಜುಗಳಲ್ಲಿ ಅವರಿಗೆ ಬೆಲೆ ಏರದೇ ಇದ್ದೀತೇ? 2025ರಲ್ಲಿ ಆದದ್ದು: 6 ಇನಿಂಗ್ಸ್, 52 ಎಸೆತ, 55 ರನ್.

ಬಿಡಿಸಿ ನೋಡಿದರೆ ಎರಡು ಕಡೆ ಕುಸಿತ ಕಾಣುತ್ತದೆ. ಎಸೆತಕ್ಕೆ ರನ್ 2.34ರಿಂದ 1.06ಕ್ಕೆ ಇಳಿಯಿತು. ಇನಿಂಗ್ಸ್‌ಗೆ ಆಡಿದ ಎಸೆತ 15.7ರಿಂದ 8.7ಕ್ಕೆ ಇಳಿಯಿತು. ಎರಡೂ ಹೆಚ್ಚುಕಮ್ಮಿ ಅರ್ಧ. ಅರ್ಧವನ್ನು ಅರ್ಧದಿಂದ ಗುಣಿಸಿದರೆ ಕಾಲು. ಇನಿಂಗ್ಸ್‌ಗೆ 36.7 ಇದ್ದ ರನ್ 9.2ಕ್ಕೆ ಬಂದು ನಿಂತದ್ದು ಹೀಗೆ.

141 ಎಸೆತ ಎಂದರೆ 23 ಓವರ್ ಚಿಲ್ಲರೆ. ಅಷ್ಟರಲ್ಲಿ ಅದೃಷ್ಟ ಎಷ್ಟು, ಸಾಮರ್ಥ್ಯ ಎಷ್ಟು ಎಂದು ಯಾರೂ ಬೇರ್ಪಡಿಸಲಾರರು. ಅದಕ್ಕೆ ಪರಿಹಾರ ಸರಳ: ಆಟಗಾರನ ಅಂಕಿಯ ಜತೆ ಸರಾಸರಿ ಆಟಗಾರನ ಒಂದಷ್ಟು ಎಸೆತ ಬೆರೆಸಿಬಿಡಿ. ನಾನು ಬ್ಯಾಟರ್‌ಗಳಿಗೆ 200 ಎಸೆತ ಬೆರೆಸುತ್ತೇನೆ. 2024ರಲ್ಲಿ ಐಪಿಎಲ್‌ನ ಸರಾಸರಿ ಸ್ಟ್ರೈಕ್ ರೇಟ್ ಸುಮಾರು 150 ಇತ್ತು. 200 ಎಸೆತಕ್ಕೆ 300 ರನ್. ಮೆಕ್‌ಗರ್ಕ್ ಅವರ 330ಕ್ಕೆ 300 ಕೂಡಿಸಿ, 141ಕ್ಕೆ 200 ಕೂಡಿಸಿ. 630 ರನ್, 341 ಎಸೆತ, ಸ್ಟ್ರೈಕ್ ರೇಟ್ 185. ನಿಮ್ಮ ಶೀಟ್‌ಗೆ ಹೋಗಬೇಕಾದದ್ದು 234 ಅಲ್ಲ, ಈ 185. ನಿಜದಲ್ಲಿ ಅದಕ್ಕಿಂತಲೂ ಕೆಳಗೆ ಹೋದರು, ಸರಿ. ಆದರೆ 234ಕ್ಕೆ ಬೆಲೆ ಕಟ್ಟಿದವರಿಗೂ 185ಕ್ಕೆ ಬೆಲೆ ಕಟ್ಟಿದವರಿಗೂ ಆದ ನಷ್ಟ ಒಂದೇ ಅಲ್ಲ. ಹಾಗೆಯೇ 2025ರ 52 ಎಸೆತ ನೋಡಿ ಅವರ ಕತೆ ಮುಗಿಯಿತು ಎನ್ನುವುದೂ ಅದೇ ತಪ್ಪು. ಎರಡು ಸೀಸನ್ ಸೇರಿಸಿದರೆ 193 ಎಸೆತಕ್ಕೆ 385 ರನ್, ಈಗಲೂ 200ರ ಹತ್ತಿರ.

ಈ ಬೆರಕೆಯನ್ನು ಬೌಲರ್‌ಗಳಿಗೂ ಮಾಡಿ, ಆದರೆ ವಿಕೆಟ್ ಎಂಬುದು ರನ್‌ಗಿಂತ ಅಪರೂಪದ ಘಟನೆಯಾದ್ದರಿಂದ ಹೆಚ್ಚು ಬೆರೆಸಬೇಕು. 300 ಎಸೆತ ಎಂದಿಟ್ಟುಕೊಳ್ಳೋಣ. ಸರಾಸರಿ ಬೌಲರ್‌ಗೆ 20 ಎಸೆತಕ್ಕೊಂದು ವಿಕೆಟ್ ಎಂದು ಹಿಡಿದರೆ 300 ಎಸೆತಕ್ಕೆ 15 ವಿಕೆಟ್.

ಹರ್ಷಲ್: 24 ವಿಕೆಟ್‌ಗೆ 15 ಸೇರಿಸಿದರೆ 39. ಎಸೆತ 294ಕ್ಕೆ 300 ಸೇರಿಸಿದರೆ 594. ಪಂದ್ಯಕ್ಕೆ ಅವರು ಹಾಕಿದ್ದು 21 ಎಸೆತ, ಆ ಲೆಕ್ಕದಲ್ಲಿ 1.38 ವಿಕೆಟ್, 34.5 ಅಂಕ.

ಬುಮ್ರಾ: 20ಕ್ಕೆ 15 ಸೇರಿ 35 ವಿಕೆಟ್. 311ಕ್ಕೆ 300 ಸೇರಿ 611 ಎಸೆತ. ಪಂದ್ಯಕ್ಕೆ 24 ಎಸೆತದ ಹತ್ತಿರ. 1.37 ವಿಕೆಟ್, 34.3 ಅಂಕ.

ಪಂದ್ಯಕ್ಕೆ ನಾಲ್ಕೂವರೆ ಅಂಕದ ಅಂತರ ಕರಗಿ ಹೋಯಿತು! ಈಗ ಎಕಾನಮಿಯ ಎರಡು ಅಂಕ ಬುಮ್ರಾ ಕಡೆ ಹಾಕಿದರೆ ಅವರೇ ಮುಂದೆ. 2025ರಲ್ಲಿ ಬುಮ್ರಾ 12 ಪಂದ್ಯಕ್ಕೆ 18 ವಿಕೆಟ್ ತೆಗೆದರು, ಎಕಾನಮಿ 6.7ರ ಆಸುಪಾಸು. ಹರ್ಷಲ್ ಹೈದರಾಬಾದ್‌ಗೆ ಹೋಗಿ 13 ಪಂದ್ಯಕ್ಕೆ 16. ವಿಕೆಟ್ ಅಂಕ ಪಂದ್ಯಕ್ಕೆ 37.5 ಮತ್ತು 30.8. ಒಂದು ಜೋಡಿಯಿಂದ ಸೂತ್ರ ಸಾಬೀತಾಗುವುದಿಲ್ಲ, ತಂಡ ಬದಲಾದದ್ದೂ ಇದರಲ್ಲಿ ಸೇರಿದೆ. ಆದರೆ ಪರ್ಪಲ್ ಕ್ಯಾಪ್ ನೋಡಿ ಹರಾಜಿಗೆ ಇಳಿಯುವವರಿಗೆ ಇಷ್ಟು ಲೆಕ್ಕವಾದರೂ ಕಾಗದದ ಮೇಲೆ ಇರಬೇಕು.

200, 300 ಎಂಬುದು ದೇವರು ಕೊಟ್ಟ ಸಂಖ್ಯೆಗಳಲ್ಲ. ಕ್ರಿಕ್‌ಶೀಟ್ ಎಂಬ ಜಾಲತಾಣದಲ್ಲಿ ಎಸೆತ ಎಸೆತದ ಮಾಹಿತಿ ಉಚಿತವಾಗಿ ಸಿಗುತ್ತದೆ. ಹಳೆಯ ಸೀಸನ್‌ಗಳನ್ನು ಇಳಿಸಿಕೊಂಡು, ಯಾವ ಸಂಖ್ಯೆ ಬೆರೆಸಿದರೆ ಮರುವರ್ಷದ ಅಂಕಕ್ಕೆ ಹತ್ತಿರ ಬರುತ್ತದೆ ಎಂದು ನೀವೇ ಪರೀಕ್ಷಿಸಬಹುದು. ಅಷ್ಟು ವ್ಯವಧಾನ ಇಲ್ಲದವರು ಈ ಸಂಖ್ಯೆಗಳನ್ನೇ ಇಟ್ಟುಕೊಳ್ಳಿ, ಏನೂ ಬೆರೆಸದೇ ಇರುವುದಕ್ಕಿಂತ ಖಂಡಿತ ಮೇಲು.

ಮಹಿಳೆಯರ ಲೀಗ್ ಡಬ್ಲ್ಯುಪಿಎಲ್‌ಗೆ ತಂಡ ಕಟ್ಟುವವರಿಗೆ ಇದು ಇನ್ನೂ ಮುಖ್ಯ. ಲೀಗ್ ಹಂತದಲ್ಲಿ ತಂಡಕ್ಕೆ ಎಂಟೇ ಪಂದ್ಯ. 2024ರಲ್ಲಿ ಬೆಂಗಳೂರಿನ ಶ್ರೇಯಾಂಕಾ ಪಾಟೀಲ್ 13 ವಿಕೆಟ್‌ನೊಂದಿಗೆ ಪರ್ಪಲ್ ಕ್ಯಾಪ್ ಗೆದ್ದರು. ಅದರಲ್ಲಿ ನಾಲ್ಕು ವಿಕೆಟ್ ಫೈನಲ್ ಒಂದರಲ್ಲೇ ಬಂದವು, ಕೇವಲ 12 ರನ್ ಕೊಟ್ಟು. ಅಭಿಮಾನಿಯಾಗಿ ಆ ಸ್ಪೆಲ್ ಮರೆಯುವ ಹಾಗಿಲ್ಲ. ಲೆಕ್ಕ ಹಾಕುವವರಾಗಿ ಮಾತ್ರ, ಆ ಒಂದು ಸಂಜೆಯನ್ನು ತೆಗೆದರೆ ಪಂದ್ಯಕ್ಕೆ ಎಷ್ಟು ಉಳಿಯುತ್ತದೆ ಎಂದು ನೋಡಲೇಬೇಕು.

ಹಂತ 6: ಮೈದಾನ ಮತ್ತು ಓವರ್‌ಗಳ ಹಂತ

ಚಿನ್ನಸ್ವಾಮಿ ಎಂದರೆ ರನ್ ಹೊಳೆ ಎಂಬ ನಂಬಿಕೆ ಇದೆ. 2024ರ ಏಪ್ರಿಲ್ 15ರಂದು ಹೈದರಾಬಾದ್ ಅಲ್ಲಿ 3 ವಿಕೆಟ್‌ಗೆ 287 ಹೊಡೆಯಿತು, ಆರ್‌ಸಿಬಿ 262 ಹೊಡೆದೂ ಸೋತಿತು. ಆ ನೆನಪಿನಲ್ಲಿ ತಂಡ ಕಟ್ಟಿದವರಿಗೆ ಒಂದೇ ವರ್ಷದ ನಂತರ ಅದೇ ಅಂಗಳದಲ್ಲಿ 9 ವಿಕೆಟ್‌ಗೆ 95ರ ಪಂದ್ಯ ಎದುರಾಯಿತು. ಮೈದಾನದ ಸರಾಸರಿ ಒಂದು ಆರಂಭದ ಅಂದಾಜು ಮಾತ್ರ. ಅದಕ್ಕಾಗಿ ಆಟಗಾರನ ಅಂಕವನ್ನು ನೂರಕ್ಕೆ ಐದೋ ಹತ್ತೋ ಏರಿಸಿ ಇಳಿಸಿ, ಅದಕ್ಕಿಂತ ಹೆಚ್ಚು ಬೇಡ.

ಓವರ್‌ಗಳ ಹಂತ ಇದಕ್ಕಿಂತ ಭರವಸೆಯ ವಿಷಯ. ಪವರ್‌ಪ್ಲೇಯಲ್ಲಿ (ಮೊದಲ ಆರು ಓವರ್) ವೃತ್ತದ ಹೊರಗೆ ಇಬ್ಬರೇ ಫೀಲ್ಡರ್‌ಗಳು, ಚೆಂಡು ಹೊಸದು. ಕೊನೆಯ ನಾಲ್ಕೈದು ಓವರ್‌ನಲ್ಲಿ, ಅಂದರೆ ಡೆತ್ ಓವರ್‌ಗಳಲ್ಲಿ, ಎಲ್ಲರೂ ಬೀಸುತ್ತಾರೆ. ರನ್ ಹೋಗುತ್ತದೆ, ವಿಕೆಟ್ಟೂ ಬೀಳುತ್ತದೆ. ವಿಕೆಟ್‌ಗೆ 25 ಅಂಕ ಇರುವ ಲೀಗ್‌ನಲ್ಲಿ ಡೆತ್ ಓವರ್ ಹಾಕುವವನಿಗೆ 10ರ ಎಕಾನಮಿ ಇದ್ದರೂ ಬೆಲೆ ಇದೆ, ಏಕೆಂದರೆ ಕ್ಯಾಚ್ ಎತ್ತಿ ಕೊಡುವ ಬ್ಯಾಟರ್‌ಗಳು ಅವನ ಎದುರಿಗೇ ಬರುತ್ತಾರೆ. ಮಧ್ಯದ ಓವರ್‌ಗಳಲ್ಲಿ ರನ್ ಕಟ್ಟಿಹಾಕುವ ಸ್ಪಿನ್ನರ್ ತಂಡಕ್ಕೆ ಚಿನ್ನ, ನಿಮಗೆ ಬೆಳ್ಳಿ. ಇಬ್ಬರ ಎಕಾನಮಿಯನ್ನು ನೇರವಾಗಿ ಹೋಲಿಸುವುದು ಬೇಡ. ಡೆತ್ ಬೌಲರ್‌ನನ್ನು ಡೆತ್ ಬೌಲರ್ ಜತೆಗೇ ಹೋಲಿಸಿ.

ಎದುರಾಳಿ ಬೌಲರ್ ವಿರುದ್ಧ ಬ್ಯಾಟರ್‌ನ ಹಳೆಯ ಲೆಕ್ಕ ಟೀವಿಯಲ್ಲಿ ಬಹಳ ತೋರಿಸುತ್ತಾರೆ: ಇಂಥವರ ಎದುರು 14 ಎಸೆತ, 3 ಸಲ ಔಟ್. ಹದಿನಾಲ್ಕು ಎಸೆತದಿಂದ ಏನೂ ತಿಳಿಯುವುದಿಲ್ಲ. ಬಿಟ್ಟುಬಿಡಿ.

ಹಂತ 7: ಬೆಲೆ, ಅಥವಾ ಹರಾಜಿನ ಲೆಕ್ಕ

ಎಲ್ಲರ ಅಂದಾಜು ಅಂಕ ಸಿದ್ಧವಾದ ಮೇಲೆ ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ ಮೇಲಿನ ಹನ್ನೊಂದು ಮಂದಿಯನ್ನು ಎತ್ತಿಕೊಳ್ಳಲು ಆಗುವುದಿಲ್ಲ. ಆಟಗಾರರ ಒಟ್ಟು ಬೆಲೆಗೆ ಕ್ರೆಡಿಟ್ ಮಿತಿ ಇರುತ್ತದೆ, ಕನಿಷ್ಠ ಒಬ್ಬ ಕೀಪರ್ ಬೇಕು ಎಂಬ ನಿಯಮವಿರುತ್ತದೆ. ಹಾಗಾಗಿ ಪ್ರತಿ ಪಾತ್ರದಲ್ಲೂ ಕೊನೆಗೆ ಯಾರಿಗೂ ಬೇಡವಾಗಿ ಅಗ್ಗಕ್ಕೆ ಸಿಗುವ ಆಟಗಾರನ ಅಂಕ ಎಷ್ಟು ಎಂದು ಮೊದಲು ನೋಡಿ. ಅವನಿಗಿಂತ ಎಷ್ಟು ಹೆಚ್ಚು ಎಂಬುದೇ ಆಟಗಾರನ ನಿಜವಾದ ಬೆಲೆ.

ಕಲ್ಪಿತ ಅಂಕಿ ಇಟ್ಟು ಹೇಳುವುದಾದರೆ: ಬೆಸ್ಟ್ ಕೀಪರ್‌ಗೆ 50 ಅಂಕ, ಅಗ್ಗದ ಕೀಪರ್‌ಗೆ 25. ಬೆಸ್ಟ್ ಬ್ಯಾಟರ್‌ಗೆ 55, ಅಗ್ಗದ ಬ್ಯಾಟರ್‌ಗೆ 38. ಕೀಪರ್ ನಿಮಗೆ 25 ಅಂಕ ಹೆಚ್ಚು ತರುತ್ತಾನೆ, ಬ್ಯಾಟರ್ ತರುವುದು 17. ಹರಾಜಿನಲ್ಲಿ ದುಡ್ಡು ಹೋಗಬೇಕಾದದ್ದು ಕೀಪರ್‌ಗೆ. ದೊಡ್ಡ ಹೆಸರಿನ ಹಿಂದೆ ಎಲ್ಲರೂ ಬೀಳುವಾಗ ಸುಮ್ಮನೆ ಕೂತು, ಈ ಅಂತರದ ಪಟ್ಟಿ ನೋಡಿಕೊಂಡು ಕೈ ಎತ್ತಿ.

ನಿಜವಾದ ಆಲ್‌ರೌಂಡರ್‌ಗಳ ಬೆಲೆಯೂ ಈ ಲೆಕ್ಕದಲ್ಲೇ ಗೊತ್ತಾಗುವುದು. 2024ರಲ್ಲಿ ಕೊಹ್ಲಿ 741 ರನ್‌ನೊಂದಿಗೆ, ಅತಿ ಹೆಚ್ಚು ರನ್ ಹೊಡೆದವರಿಗೆ ಸಿಗುವ ಆರೆಂಜ್ ಕ್ಯಾಪ್ ಗೆದ್ದರು. ಕೋಲ್ಕತ್ತದ ಸುನಿಲ್ ನರೇನ್ ಅವರದು 488 ರನ್, 17 ವಿಕೆಟ್. ಬೌಂಡರಿ, ಕ್ಯಾಚ್, ಬೋನಸ್ ಎಲ್ಲ ಬಿಟ್ಟು ಬರೀ ರನ್, ವಿಕೆಟ್ ಲೆಕ್ಕಕ್ಕೆ ನರೇನ್ 913, ಕೊಹ್ಲಿ 741. ಓಪನರ್ ಆಗಿ ಹೋಗುವ, ನಾಲ್ಕು ಓವರ್ ಪೂರ್ತಿ ಹಾಕುವ ಆಟಗಾರ. ಒಬ್ಬನಿಗೇ ಎರಡು ಕಡೆಯ ಅವಕಾಶ. ಆ ಸೀಸನ್ ಅವರನ್ನು ಬಿಟ್ಟು ಲೀಗ್ ಗೆಲ್ಲುವುದು ಬಹಳ ಕಷ್ಟವಿತ್ತು.

ಹಂತ 8: ಕ್ಯಾಪ್ಟನ್ ಯಾರು

ಇಲ್ಲಿ ಸರಾಸರಿ ಅಂಕ ಸಾಲದು, ಅಂಕ ಎಷ್ಟು ಏರಿಳಿಯುತ್ತದೆ ಎಂದೂ ನೋಡಬೇಕು. ಪ್ರತಿ ಆಟಗಾರನ ಕಳೆದ ಪಂದ್ಯಗಳ ಅಂಕವನ್ನು ಕ್ರಮವಾಗಿ ಜೋಡಿಸಿ ನಡುವಿನದನ್ನು ಗುರುತು ಮಾಡಿ. ಸರಾಸರಿ 50 ಇದ್ದು ನಡುವಿನ ಅಂಕ 28 ಇದ್ದರೆ, ಒಂದೆರಡು ದೊಡ್ಡ ಇನಿಂಗ್ಸ್ ಇಡೀ ಸರಾಸರಿಯನ್ನು ಎತ್ತಿವೆ ಎಂದರ್ಥ. ನೀವು ಮುಂದಿದ್ದರೆ ನಡುವಿನ ಅಂಕ ಚೆನ್ನಾಗಿರುವವನಿಗೆ ಕ್ಯಾಪ್ಟನ್ ಪಟ್ಟ ಕೊಡಿ. ಹಿಂದಿದ್ದರೆ, ಕೊನೆಯ ವಾರಗಳಾಗಿದ್ದರೆ, ಏರಿಳಿತ ಹೆಚ್ಚಿರುವವನಿಗೆ. ಮುಂದಿರುವವರ ಕ್ಯಾಪ್ಟನ್‌ನನ್ನೇ ನೀವೂ ಇಟ್ಟುಕೊಂಡರೆ ಅಂತರ ಎಂದೂ ಕಮ್ಮಿಯಾಗದು.

ಹಂತ 9: ಟಾಸ್ ಆದ ಮೇಲಿನ ಅರ್ಧ ಗಂಟೆ

ಸಂಜೆಯ ಐಪಿಎಲ್ ಪಂದ್ಯಕ್ಕೆ ಟಾಸ್ 7 ಗಂಟೆಗೆ, ಮೊದಲ ಎಸೆತ 7.30ಕ್ಕೆ. ಇಷ್ಟು ಹೊತ್ತು ಹಾಕಿದ ಲೆಕ್ಕದಲ್ಲಿ ಅವಕಾಶದ ಕಾಲಂ ಈ ಅರ್ಧ ಗಂಟೆಯಲ್ಲಿ ತಲೆಕೆಳಗಾಗಬಹುದು. 2023ರಿಂದ ಇಂಪ್ಯಾಕ್ಟ್ ಪ್ಲೇಯರ್ ನಿಯಮ (ಪಂದ್ಯದ ನಡುವೆ ಒಬ್ಬ ಆಟಗಾರನನ್ನು ಬದಲಿಸುವ ಅವಕಾಶ) ಬಂದ ಮೇಲೆ ಇನ್ನೊಂದು ತೊಡಕು. ಆಡುವ ಹನ್ನೊಂದರ ಪಟ್ಟಿಯಲ್ಲಿ ಇಲ್ಲದ ಬ್ಯಾಟರ್ ಚೇಸಿಂಗ್‌ನಲ್ಲಿ ಓಪನರ್ ಆಗಿ ಬರಬಹುದು. ಮೊದಲು ಬ್ಯಾಟ್ ಮಾಡಿದ ತಂಡ ಎರಡನೇ ಇನಿಂಗ್ಸ್‌ಗೆ ಬ್ಯಾಟರ್‌ನನ್ನು ಕೂರಿಸಿ ಬೌಲರ್‌ನನ್ನು ಇಳಿಸಬಹುದು. ಟಾಸ್ ವೇಳೆ ಕೊಡುವ ಬದಲಿ ಆಟಗಾರರ ಪಟ್ಟಿಯನ್ನೂ ಓದಿ. ಯಾರು ಒಳಗೆ, ಯಾರು ಹೊರಗೆ ಎಂದು ಪ್ರತಿ ತಂಡಕ್ಕೂ ಒಂದು ಅಭ್ಯಾಸವಿರುತ್ತದೆ, ನಾಲ್ಕೈದು ಪಂದ್ಯ ಗಮನಿಸಿದರೆ ಸಿಕ್ಕಿಬಿಡುತ್ತದೆ. ಬದಲಿಯಾಗಿ ಬಂದವನಿಗೆ ನಿಮ್ಮ ಲೀಗ್ ಅಂಕ ಕೊಡುತ್ತದೆಯೇ ಎಂಬುದನ್ನೂ ಸೀಸನ್ ಶುರುವಾಗುವ ಮೊದಲೇ ಅಡ್ಮಿನ್ ಬಳಿ ಕೇಳಿಟ್ಟುಕೊಳ್ಳಿ, ಜಗಳವಾದ ಮೇಲಲ್ಲ.

ಇಬ್ಬನಿ ಬೀಳುವ ಊರಾದರೆ ಎರಡನೇ ಇನಿಂಗ್ಸ್‌ನಲ್ಲಿ ಸ್ಪಿನ್ನರ್‌ಗಳ ಕೈಯಲ್ಲಿ ಚೆಂಡು ಜಾರುತ್ತದೆ. ಅವರ ವಿಕೆಟ್ ಅಂದಾಜನ್ನು ಸ್ವಲ್ಪ ಇಳಿಸಿ. ಸಣ್ಣ ಮೊತ್ತ ಬೆನ್ನಟ್ಟುವ ಸಂಭವ ಇದ್ದರೆ ಕೆಳ ಕ್ರಮಾಂಕದವರ ಎಸೆತದ ಕಾಲಂಗೆ ಸೊನ್ನೆಯ ಹತ್ತಿರದ ಅಂಕಿ ಹಾಕಿ. ಡೇವಿಡ್‌ನಂಥವರು ಬೆಂಚಿನಲ್ಲಿ ಪ್ಯಾಡ್ ಕಟ್ಟಿಕೊಂಡು ಕೂತು ಗೆಲುವು ನೋಡುವ ದಿನಗಳವು.

ಪಂದ್ಯ ಮುಗಿದ ಮೇಲೆ ಎರಡು ಕೆಲಸ. ಪ್ರತಿಯೊಬ್ಬರ ಎಸೆತದ ಅಂದಾಜು ಎಷ್ಟಿತ್ತು, ನಿಜವಾಗಿ ಎಷ್ಟು ಸಿಕ್ಕಿತು ಎಂದು ಒಂದು ಕಾಲಂನಲ್ಲಿ ಬರೆಯಿರಿ. ಎಸೆತಕ್ಕೆ ಎಷ್ಟು ಅಂಕ ಅಂದುಕೊಂಡಿದ್ದಿರಿ, ಎಷ್ಟು ಬಂತು ಎಂದು ಪಕ್ಕದ ಕಾಲಂನಲ್ಲಿ. ಮೊದಲನೆಯದು ತಪ್ಪುತ್ತಿದ್ದರೆ ಟಾಸ್, ಕ್ರಮಾಂಕ, ಬದಲಿ ಆಟಗಾರರ ಕಡೆ ನಿಮ್ಮ ಗಮನ ಸಾಲುತ್ತಿಲ್ಲ. ಎರಡನೆಯದು ಒಂದೆರಡು ಪಂದ್ಯ ತಪ್ಪಿದರೆ ಏನೂ ಬದಲಿಸಬೇಡಿ. ಐದಾರು ಪಂದ್ಯ ಒಂದೇ ದಿಕ್ಕಿಗೆ ತಪ್ಪುತ್ತಿದ್ದರೆ ಮಾತ್ರ ಬೆರಕೆಯ ಎಸೆತಗಳ ಸಂಖ್ಯೆಯನ್ನು ಮತ್ತೆ ನೋಡಿ.